ಎರಡು ಗೊಂಬೆ ಸಾಕು ಎಂದ ಅಧ್ಯಕ್ಷರು

2025ರ ಏಪ್ರಿಲ್ 30ರಂದು ಶ್ವೇತಭವನದಲ್ಲಿ ಸಂಪುಟ ಸಭೆ. ಚೀನಾದ ಸರಕಿನ ಮೇಲೆ ಶೇ 145ರ ಸುಂಕ ಬಿದ್ದು, ಅಂಗಡಿಗಳ ಕಪಾಟು ಬರಿದಾಗುತ್ತದೆಂಬ ಗಾಬರಿ ಹಬ್ಬಿದ್ದ ದಿನಗಳವು. ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಕ್ಯಾಮೆರಾಗಳ ಮುಂದೆ ಹೇಳಿದ್ದು ಇಷ್ಟು: ಮಕ್ಕಳಿಗೆ ಮೂವತ್ತು ಗೊಂಬೆಗಳ ಬದಲು ಎರಡು ಗೊಂಬೆ ಸಿಗಬಹುದು, ಆ ಎರಡಕ್ಕೂ ಒಂದೆರಡು ಡಾಲರ್ ಹೆಚ್ಚು ತೆರಬೇಕಾಗಬಹುದು. ನಾಲ್ಕು ದಿನ ಕಳೆದು ಪ್ರಸಾರವಾದ ಟಿವಿ ಸಂದರ್ಶನದಲ್ಲಿ ಗೊಂಬೆಯ ಜೊತೆಗೆ ಪೆನ್ಸಿಲ್ಲೂ ಸೇರಿಕೊಂಡಿತು. ಇನ್ನೂರೈವತ್ತು ಪೆನ್ಸಿಲ್ ಯಾಕೆ ಬೇಕು, ಐದು ಸಾಲದೇ?

ಮಾತೇನೋ ಸರಿಯಾದದ್ದೇ. ನಮ್ಮ ಮನೆಗಳಲ್ಲಿ ಅಜ್ಜಿಯಂದಿರು ಇದನ್ನು ದಿನಕ್ಕೆರಡು ಸಲ ಹೇಳುತ್ತಿದ್ದರು. ಆದರೆ ಹೇಳಿದವರು ತಮ್ಮ ಕಚೇರಿಯ ಗೋಡೆಗಳಿಗೆಲ್ಲ ಚಿನ್ನದ ಅಲಂಕಾರ ಮಾಡಿಸಿಕೊಂಡವರು. ಆರು ತಿಂಗಳ ಹಿಂದಷ್ಟೇ ಬೆಲೆ ಇಳಿಸುತ್ತೇನೆಂದು ಊರೂರು ಸುತ್ತಿ ಗೆದ್ದವರು. ಅಂದು ಬೆಳಿಗ್ಗೆಯೇ ಅಮೆರಿಕದ ಜಿಡಿಪಿ ವರ್ಷದ ಮೊದಲ ಮೂರು ತಿಂಗಳಲ್ಲಿ ಕುಗ್ಗಿದೆ ಎಂಬ ಅಂಕಿ ಹೊರಬಿದ್ದಿತ್ತು.

ಇದಕ್ಕಿಂತ ಮಜವಾಗಿದ್ದದ್ದು ಜನರ ಪ್ರತಿಕ್ರಿಯೆ. ಅಮೆರಿಕದವರ ಕೊಳ್ಳುಬಾಕತನವನ್ನು ವರ್ಷಗಟ್ಟಲೆ ಬೈದುಕೊಂಡು ಬಂದಿದ್ದವರು ಅಂದು ಗೊಂಬೆಗಳ ಪರವಾಗಿ ನಿಂತರು. ಹಿಂದೊಮ್ಮೆ ಡೆಮಾಕ್ರಾಟಿಕ್ ಪಕ್ಷದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸ್ವೆಟರ್ ಹಾಕಿ ಮಾತಾಡಿದ್ದನ್ನು ನಾಲ್ಕು ದಶಕ ಗೇಲಿ ಮಾಡಿದ ಟ್ರಂಪ್‌ರ ರಿಪಬ್ಲಿಕನ್ ಬಣದಲ್ಲಿ ಕೆಲವರಿಗೆ ಮಿತವ್ಯಯದಲ್ಲಿ ದಿಢೀರನೆ ದೇಶಭಕ್ತಿ ಕಾಣಿಸಿತು. ಗೊಂಬೆ ಅದೇ, ಪಾಠವೂ ಅದೇ. ಹೇಳಿದವರ ಪಕ್ಷ ಮಾತ್ರ ಬೇರೆ. ಕಷ್ಟಕಾಲದ ಉಳಿತಾಯ ಮತ್ತು ಅಧ್ಯಕ್ಷ ರಾಜಕಾರಣದ ನಂಟನ್ನು ನೋಡಹೊರಟರೆ ಈ ಅಡ್ಡಾದಿಡ್ಡಿತನ ಮೊದಲಿನಿಂದಲೂ ಇದ್ದದ್ದೇ ಎಂದು ತಿಳಿಯುತ್ತದೆ.

ಸ್ವೆಟರ್ ಕತೆಯನ್ನೇ ಮೊದಲು ನೋಡೋಣ. 1977ರ ಫೆಬ್ರುವರಿ 2ರ ರಾತ್ರಿ, ಅಧಿಕಾರಕ್ಕೆ ಬಂದು ಎರಡು ವಾರವಾಗುವಷ್ಟರಲ್ಲೇ, ಕಾರ್ಟರ್ ಉಣ್ಣೆಯ ಕಾರ್ಡಿಗನ್ ತೊಟ್ಟು ಬೆಂಕಿಗೂಡಿನ ಪಕ್ಕ ಕೂತು ಟಿವಿಯಲ್ಲಿ ಮಾತಾಡಿದರು. ಮನೆಯ ಥರ್ಮೋಸ್ಟಾಟನ್ನು ಹಗಲು 65, ರಾತ್ರಿ 55 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿಸಿ ಎಂದರು. ನಮ್ಮ ಲೆಕ್ಕದಲ್ಲಿ 18 ಮತ್ತು 13 ಡಿಗ್ರಿ. ಮಡಿಕೇರಿಯ ಜನವರಿ ರಾತ್ರಿಯನ್ನು ಮನೆಯೊಳಕ್ಕೆ ಕರೆದುಕೊಳ್ಳಿ ಅಂದ ಹಾಗೆ. 1979ರ ಜುಲೈ 15ರ ಇನ್ನೊಂದು ಭಾಷಣದಲ್ಲಿ ಅವರು ಇನ್ನೂ ಮುಂದೆ ಹೋಗಿ, ನಮ್ಮಲ್ಲಿ ಬಹಳ ಮಂದಿ ಭೋಗ ಮತ್ತು ಕೊಳ್ಳುವಿಕೆಯನ್ನೇ ಪೂಜಿಸುತ್ತಿದ್ದೇವೆ ಎಂದು ಜನರಿಗೇ ಹೇಳಿದರು. ಈ ಭಾಷಣದಿಂದಲೇ ಅವರು ಮುಳುಗಿದರೆಂದು ಈಗ ಎಲ್ಲರೂ ಬರೆಯುತ್ತಾರೆ. ನಿಜವೆಂದರೆ ಭಾಷಣದ ಮರುದಿನ ಅವರ ಜನಪ್ರಿಯತೆ ಏರಿತ್ತು! ಎರಡೇ ದಿನಕ್ಕೆ ಇಡೀ ಸಂಪುಟದ ರಾಜೀನಾಮೆ ಕೇಳಿ ಗದ್ದಲ ಎಬ್ಬಿಸಿಕೊಂಡಿದ್ದು ಅದನ್ನು ತೊಳೆದುಹಾಕಿತು.

ಅವರನ್ನು ನಿಜವಾಗಿ ಮುಳುಗಿಸಿದ ಪ್ರಸಂಗ ಬೇರೆಯೇ ಇದೆ, ಅದನ್ನು ನೆನಪಿಟ್ಟವರು ಕಡಿಮೆ. 1980ರ ಮಾರ್ಚ್‌ನಲ್ಲಿ ಹಣದುಬ್ಬರ ಶೇ 14.8 ಮುಟ್ಟಿತ್ತು. ಆ ತಿಂಗಳ 14ರಂದು ಕಾರ್ಟರ್ 1969ರ ಹಳೆಯ ಕಾನೂನೊಂದನ್ನು ಹೊರತೆಗೆದು ಸಾಲದ ಮೇಲೆ ನಿಯಂತ್ರಣ ಹೇರಿದರು. ಕ್ರೆಡಿಟ್ ಕಾರ್ಡ್‌ನಂಥ ಸಾಲ ಹೆಚ್ಚಿಸುವ ಬ್ಯಾಂಕುಗಳು ಆ ಹೆಚ್ಚಳದ ಶೇ 15ರಷ್ಟನ್ನು ಬಡ್ಡಿಯಿಲ್ಲದೆ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್‌ನಲ್ಲಿ ಇಡಬೇಕೆಂದಾಯಿತು. ನಿಯಮ ಅಷ್ಟೇನೂ ಬಿಗಿಯಾದದ್ದಲ್ಲ. ಮನೆಸಾಲ, ಕಾರಿನ ಸಾಲ ಅದರಡಿ ಬರುತ್ತಲೇ ಇರಲಿಲ್ಲ. ಆದರೆ ಜನರಿಗೆ ಕೇಳಿಸಿದ್ದು ನಿಯಮವಲ್ಲ, ಅಧ್ಯಕ್ಷರ ಕರೆ. ಎಷ್ಟೋ ಮಂದಿ ಕತ್ತರಿ ತಂದು ತಮ್ಮ ಕ್ರೆಡಿಟ್ ಕಾರ್ಡುಗಳನ್ನು ತುಂಡು ಮಾಡಿ, ಲಕೋಟೆಗೆ ಹಾಕಿ, ಶ್ವೇತಭವನಕ್ಕೆ ಅಂಚೆಯಲ್ಲಿ ಕಳಿಸಿದರು. ದೇಶಕ್ಕೆ ನಮ್ಮದೂ ಒಂದು ಅಳಿಲುಸೇವೆ ಎಂಬ ಭಾವ.

ಪರಿಣಾಮ? ಆ ವರ್ಷದ ಎರಡನೆಯ ತ್ರೈಮಾಸಿಕದಲ್ಲಿ ಆರ್ಥಿಕತೆ ವಾರ್ಷಿಕ ಲೆಕ್ಕದಲ್ಲಿ ಸುಮಾರು ಶೇ 8ರ ವೇಗದಲ್ಲಿ ಕುಸಿಯಿತು. ಅಂಗಡಿ ಖಾಲಿ, ಕಾರ್ಖಾನೆಯಲ್ಲಿ ಕೆಲಸ ಇಲ್ಲ. ಗಾಬರಿಬಿದ್ದ ಸರ್ಕಾರ ಜುಲೈ ಹೊತ್ತಿಗೆ ನಿಯಂತ್ರಣವನ್ನೆಲ್ಲ ಕಿತ್ತುಹಾಕಿತು. ಅಕ್ಟೋಬರ್ 28ರ ಚುನಾವಣಾ ಚರ್ಚೆಯಲ್ಲಿ ಎದುರಾಳಿ ರೊನಾಲ್ಡ್ ರೇಗನ್ ಕ್ಯಾಮೆರಾ ನೋಡಿ ಕೇಳಿದ ಪ್ರಶ್ನೆ ಇವತ್ತಿಗೂ ಪ್ರತಿ ಚುನಾವಣೆಯಲ್ಲೂ ತಿರುಗುತ್ತಿದೆ: ನಾಲ್ಕು ವರ್ಷದ ಹಿಂದೆ ಇದ್ದದ್ದಕ್ಕಿಂತ ನೀವು ಈಗ ಚೆನ್ನಾಗಿದ್ದೀರಾ? 44 ರಾಜ್ಯಗಳು ರೇಗನ್ ಪಾಲಾದವು. ಜನ ಅಧ್ಯಕ್ಷರ ಮಾತು ಕೇಳಿದರು, ಕೇಳಿದ್ದಕ್ಕೇ ಊರು ಕೆಟ್ಟಿತು, ಊರು ಕೆಟ್ಟಿದ್ದಕ್ಕೆ ಅದೇ ಜನ ಅಧ್ಯಕ್ಷರನ್ನು ಮನೆಗೆ ಕಳಿಸಿದರು.

ಅದಕ್ಕೂ ಮೊದಲು, 1974ರ ಅಕ್ಟೋಬರ್‌ನಲ್ಲಿ, ಆಗಿನ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅಂಗಿಗೆ 'ವಿನ್' (WIN) ಎಂಬ ಬಿಲ್ಲೆ ಚುಚ್ಚಿಕೊಂಡು ಸಂಸತ್ತಿನ ಮುಂದೆ ನಿಂತಿದ್ದರು. ಹಣದುಬ್ಬರವನ್ನು ಈಗಲೇ ಬಗ್ಗುಬಡಿಯೋಣ ಎಂಬುದರ ಇಂಗ್ಲಿಷ್ ಮೊದಲಕ್ಷರಗಳು ಅವು. ಕಡಿಮೆ ಕೊಳ್ಳಿ, ಹಿತ್ತಲಲ್ಲಿ ತರಕಾರಿ ಬೆಳೆಯಿರಿ, ಉಳಿತಾಯದ ಹತ್ತು ದಾರಿ ಬರೆದು ಕಳಿಸಿ ಎಂಬ ಬೋಧೆ. ದೇಶ ಆಗಲೇ ಹಿಂಜರಿತದೊಳಗೆ ಇಳಿದಿತ್ತು. ಕೆಲಸ ಕಳೆದುಕೊಂಡವನಿಗೆ ಕಡಿಮೆ ಕೊಳ್ಳು ಎಂದು ಪ್ರತ್ಯೇಕವಾಗಿ ಹೇಳಬೇಕೇ? ಚೇಷ್ಟೆಯವರು ಬಿಲ್ಲೆಯನ್ನು ತಲೆಕೆಳಗಾಗಿ ಚುಚ್ಚಿಕೊಂಡರು. ಆಗ ಅದು 'ನಿಮ್' (NIM) ಎಂದು ಓದಿಸಿಕೊಳ್ಳುತ್ತಿತ್ತು: ತಕ್ಷಣದ ಪವಾಡ ಏನೂ ಇಲ್ಲ ಎಂಬುದರ ಮೊದಲಕ್ಷರಗಳು. 1976ರಲ್ಲಿ ಫೋರ್ಡ್ ಸೋತರು.

ಈ ಗಂಟು ಬಿಡಿಸುವುದು ಕಷ್ಟವೇನಲ್ಲ. ಕಾಲ ಕೆಟ್ಟಾಗ ಮನೆಯವರು ಮಾಡುವ ಸರಿಯಾದ ಕೆಲಸ ಕೈ ಬಿಗಿ ಹಿಡಿಯುವುದು. ಆದರೆ ನಾನು ಮಾಡುವ ಖರ್ಚು ಇನ್ನೊಬ್ಬನ ಸಂಪಾದನೆ. ತಿಂಗಳಿಗೊಮ್ಮೆ ಕ್ಷೌರ ಮಾಡಿಸುತ್ತಿದ್ದವರೆಲ್ಲ ಎರಡು ತಿಂಗಳಿಗೊಮ್ಮೆ ಎಂದು ತೀರ್ಮಾನಿಸಿದರೆ ಕ್ಷೌರದಂಗಡಿಯವನ ವರಮಾನ ಅರ್ಧವಾಗುತ್ತದೆ; ಅವನು ಹೋಟೆಲಿಗೆ ಹೋಗುವುದನ್ನು ಬಿಡುತ್ತಾನೆ; ಹೋಟೆಲಿನವನು ಮಾಣಿಯೊಬ್ಬನನ್ನು ಬಿಡಿಸುತ್ತಾನೆ. ಎಲ್ಲರೂ ಒಟ್ಟಿಗೆ ಉಳಿಸಹೊರಟಾಗ ಎಲ್ಲರ ಉಳಿತಾಯವೂ ಕರಗುತ್ತದೆ. ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ 1930ರ ದಶಕದಲ್ಲಿ ಗಟ್ಟಿಯಾಗಿ ಹೇಳಿದ್ದು ಇದನ್ನೇ. ಅಂದರೆ ಕಷ್ಟಕಾಲದಲ್ಲಿ ಮನೆಯ ಯಜಮಾನನ ಹಿತ ಮತ್ತು ದೇಶದ ಯಜಮಾನನ ಹಿತ ಎದುರುಬದುರು ನಿಲ್ಲುತ್ತವೆ. ಉಳಿಸಿ ಎಂದ ಅಧ್ಯಕ್ಷ ಆರ್ಥಿಕತೆಯನ್ನು ಕೆಡಿಸುತ್ತಾನೆ, ಖರ್ಚು ಮಾಡಿ ಎಂದವನು ಜವಾಬ್ದಾರಿಗೇಡಿ ಅನ್ನಿಸಿಕೊಳ್ಳುತ್ತಾನೆ. 2001ರ ಸೆಪ್ಟೆಂಬರ್ ದಾಳಿಯ ಎರಡು ವಾರದ ಬಳಿಕ ಷಿಕಾಗೋ ವಿಮಾನ ನಿಲ್ದಾಣದಲ್ಲಿ ಜಾರ್ಜ್ ಬುಷ್, ಕುಟುಂಬ ಸಮೇತ ಫ್ಲಾರಿಡಾದ ಡಿಸ್ನಿ ವರ್ಲ್ಡ್‌ಗೆ ಹೋಗಿ ಬನ್ನಿ ಎಂದದ್ದಕ್ಕೆ ಇನ್ನೂ ಬೈಸಿಕೊಳ್ಳುತ್ತಿದ್ದಾರೆ. ಅರ್ಥಶಾಸ್ತ್ರದ ಲೆಕ್ಕದಲ್ಲಿ ಅವರು ಹೇಳಿದ್ದು ತಪ್ಪಾಗಿರಲಿಲ್ಲ. ಕಿವಿಗೆ ಕೆಟ್ಟದಾಗಿ ಕೇಳಿಸಿತು ಅಷ್ಟೇ.

ಉಳಿತಾಯದ ಬಗ್ಗೆ ಅಧ್ಯಕ್ಷರೊಬ್ಬರು ಆಡಿದ ಮಾತು ಪೂರ್ತಿಯಾಗಿ ಫಲಿಸಿದ ಉದಾಹರಣೆ ಕೊಡಿ ಎಂದರೆ ನಾನು ಒಂದನ್ನೇ ಕೊಡಬಲ್ಲೆ. ಮಹಾ ಕುಸಿತದ ಕಾಲದಲ್ಲಿ ಬ್ಯಾಂಕುಗಳು ಒಂದೊಂದಾಗಿ ಬೀಳುತ್ತಿದ್ದಾಗ ಜನ ದುಡ್ಡನ್ನು ಹಾಸಿಗೆಯ ಕೆಳಗೆ, ಡಬ್ಬಿಗಳಲ್ಲಿ ತುಂಬಿಡತೊಡಗಿದ್ದರು. 1932ರಲ್ಲಿ ಆಗಿನ ಅಧ್ಯಕ್ಷ ಹರ್ಬರ್ಟ್ ಹೂವರ್ ಹೀಗೆ ಬಚ್ಚಿಡಬೇಡಿ ಎಂದು ಬೇಡಿಕೊಂಡರು. ಯಾರು ಕೇಳುತ್ತಾರೆ? 1933ರ ಮಾರ್ಚ್ 4ರಂದು ಫ್ರಾಂಕ್ಲಿನ್ ರೂಸ್‌ವೆಲ್ಟ್ ಅಧಿಕಾರ ವಹಿಸಿಕೊಂಡರು, ಎರಡೇ ದಿನಕ್ಕೆ ದೇಶದ ಎಲ್ಲ ಬ್ಯಾಂಕುಗಳಿಗೆ ರಜೆ ಸಾರಿದರು. ಮಾರ್ಚ್ 12ರ ಭಾನುವಾರ ರಾತ್ರಿ ರೇಡಿಯೊದಲ್ಲಿ ಕೂತು, ಬ್ಯಾಂಕ್ ಹೇಗೆ ಕೆಲಸ ಮಾಡುತ್ತದೆ, ನಿಮ್ಮ ದುಡ್ಡು ಎಲ್ಲಿರುತ್ತದೆ ಎಂಬುದನ್ನು ಪಾಠ ಹೇಳುವ ಮೇಷ್ಟ್ರ ಹಾಗೆ ಬಿಡಿಸಿ ಹೇಳಿದರು. ತಪಾಸಣೆ ಮುಗಿದು ಬಾಗಿಲು ತೆರೆದ ಬ್ಯಾಂಕಿನಲ್ಲಿ ಹಣ ಇಡುವುದು ಹಾಸಿಗೆಯ ಕೆಳಗೆ ಇಡುವುದಕ್ಕಿಂತ ಸುರಕ್ಷಿತ ಎಂದರು. ಸೋಮವಾರದಿಂದ ಬ್ಯಾಂಕುಗಳ ಮುಂದೆ ಸಾಲು ನಿಂತದ್ದು ದುಡ್ಡು ತೆಗೆಯಲು ಅಲ್ಲ, ಕಟ್ಟಲು.

ಮಾತಿನ ಮೋಡಿ ಎಂದು ಇದನ್ನು ಕೊಂಡಾಡುವುದು ವಾಡಿಕೆ. ಮೋಡಿಗಿಂತ ಮುಖ್ಯವಾಗಿ, ಆ ಮಾತಿನ ಹಿಂದೆ ಮೂರು ದಿನ ಮೊದಲು ಪಾಸಾದ ಕಾನೂನಿತ್ತು, ಲೆಕ್ಕ ನೋಡುವ ಅಧಿಕಾರಿಗಳಿದ್ದರು. ಆ ವರ್ಷ ಜೂನ್‌ನಲ್ಲಿ ಠೇವಣಿ ವಿಮೆ ಬಂತು. 1934ರ ಜನವರಿ 1ರಿಂದ 2,500 ಡಾಲರ್‌ವರೆಗಿನ ಠೇವಣಿಗೆ ಸರ್ಕಾರದ ಖಾತರಿ. ಇವತ್ತು ಆ ಮಿತಿ 2,50,000 ಡಾಲರ್. ಈ ವಿಮೆಗೆ ಮೊದಲು ವಿರೋಧ ಹೇಳಿದ್ದವರು ಖುದ್ದು ರೂಸ್‌ವೆಲ್ಟ್. ಸಂಸತ್ತು ಅವರಿಂದ ಒಪ್ಪಿಸಿಕೊಂಡಿತು, ಹೆಸರು ಅವರಿಗೆ ಬಂತು.

ಸರಿಯಾಗಿ 90 ವರ್ಷದ ನಂತರ, 2023ರ ಮಾರ್ಚ್ 12ರಂದು, ಅದೂ ಭಾನುವಾರವೇ, ಎರಡು ದಿನ ಮೊದಲು ಮುಳುಗಿದ್ದ ಸಿಲಿಕಾನ್ ವ್ಯಾಲಿ ಬ್ಯಾಂಕಿನ ಠೇವಣಿದಾರರಿಗೆ ಪೂರ್ತಿ ಹಣ ಸಿಗುತ್ತದೆ ಎಂದು ಅಮೆರಿಕ ಸರ್ಕಾರ ಸಾರಿತು. ಬೆಂಗಳೂರಿನ ಹಲವು ಸ್ಟಾರ್ಟಪ್‌ಗಳ ದುಡ್ಡೂ ಅಲ್ಲಿ ಸಿಕ್ಕಿಕೊಂಡಿತ್ತು. ಆ ವಾರಾಂತ್ಯ ಕೋರಮಂಗಲದಲ್ಲಿ ನಿದ್ದೆಗೆಟ್ಟವರು ಸೋಮವಾರ ಬೆಳಿಗ್ಗೆ ಉಸಿರಾಡಿದರು.

ಇನ್ನು ಚೆಕ್ಕುಗಳ ವಿಚಾರಕ್ಕೆ ಬರೋಣ. ಹಿಂಜರಿತ ಬಂದಾಗ ಜನರ ಕೈಗೆ ನೇರವಾಗಿ ದುಡ್ಡು ಕೊಡುವುದು ಅಮೆರಿಕದಲ್ಲಿ ಈಗ ರೂಢಿ. 2008ರಲ್ಲಿ ಬುಷ್ ಆಡಳಿತ ಒಬ್ಬೊಬ್ಬರಿಗೆ 600 ಡಾಲರ್‌ವರೆಗೆ ಕಳಿಸಿತು. ಇಡಿಗಂಟು ಕೈಗೆ ಬಂದವರು ಅದರಲ್ಲಿ ಬಹುಪಾಲನ್ನು ಸಾಲ ತೀರಿಸಲು, ಎತ್ತಿಡಲು ಬಳಸಿಕೊಂಡರು. ಸರ್ಕಾರಕ್ಕೆ ಬೇಕಿದ್ದದ್ದು ಖರ್ಚು. ಹಾಗಾಗಿ 2009ರಲ್ಲಿ ಬರಾಕ್ ಒಬಾಮ ತಂಡದವರು ಉಪಾಯ ಬದಲಿಸಿದರು: ದುಡಿಯುವ ಒಬ್ಬರಿಗೆ ವರ್ಷಕ್ಕೆ 400 ಡಾಲರ್ ತೆರಿಗೆ ವಿನಾಯಿತಿಯನ್ನು ಚೆಕ್ಕಾಗಿ ಕೊಡದೆ, ಸಂಬಳದಲ್ಲಿ ಮುರಿದುಕೊಳ್ಳುವ ತೆರಿಗೆಯನ್ನೇ ಪ್ರತಿ ಸಲ ಚೂರು ಚೂರು ಇಳಿಸಿದರು. ವಾರಕ್ಕೆ ಎಂಟು ಹತ್ತು ಡಾಲರ್ ಹೆಚ್ಚು ಬಂದರೆ ಯಾರೂ ಎತ್ತಿಡುವುದಿಲ್ಲ, ಗೊತ್ತಾಗದಂತೆ ಖರ್ಚಾಗುತ್ತದೆ ಎಂಬ ಲೆಕ್ಕ. ಲೆಕ್ಕದ ಅರ್ಧ ನೂರಕ್ಕೆ ನೂರು ಸರಿಯಾಯಿತು, ಯಾರಿಗೂ ಗೊತ್ತಾಗಲಿಲ್ಲ. ತೆರಿಗೆ ಇಳಿದಿದೆ ಎಂದು ತಿಳಿದವರೇ ಸಮೀಕ್ಷೆಗಳಲ್ಲಿ ವಿರಳ, ಏರಿದೆ ಎಂದುಕೊಂಡವರೂ ಇದ್ದರು. 2010ರಲ್ಲಿ, ಅಧ್ಯಕ್ಷರ ಅವಧಿಯ ನಡುವೆ ಬರುವ ಸಂಸತ್ ಚುನಾವಣೆಯಲ್ಲಿ, ಒಬಾಮ ಅವರ ಡೆಮಾಕ್ರಾಟಿಕ್ ಪಕ್ಷ ನೆಲಕಚ್ಚಿತು. ಬಲಗೈಯಲ್ಲಿ ಕೊಟ್ಟಿದ್ದು ಎಡಗೈಗೆ ತಿಳಿಯಬಾರದು ಎಂಬ ಮಾತು ದಾನಕ್ಕೆ ಸರಿ, ರಾಜಕಾರಣಕ್ಕಲ್ಲ.

ಟ್ರಂಪ್ ಇದನ್ನು ಚೆನ್ನಾಗಿ ಅರಿತಿದ್ದರು. 2020ರ ಕೋವಿಡ್ ಪರಿಹಾರದ 1,200 ಡಾಲರ್ ಚೆಕ್ಕಿನ ಎಡ ಮೂಲೆಯಲ್ಲಿ ಅವರ ಹೆಸರು ಅಚ್ಚಾಯಿತು. 2021ರಲ್ಲಿ ಜೋ ಬೈಡನ್ ಅದಕ್ಕಿಂತ ಹೆಚ್ಚು, 1,400 ಡಾಲರ್ ಕೊಟ್ಟರು, ಹೆಸರು ಹಾಕಿಸಿಕೊಳ್ಳಲಿಲ್ಲ. 2024ರ ಡಿಸೆಂಬರ್‌ನಲ್ಲಿ, ಪಕ್ಷ ಸೋತ ಮೇಲೆ, ಹಾಗೆ ಮಾಡಿದ್ದು ನನ್ನ ಪೆದ್ದುತನ ಎಂದು ಅವರೇ ಒಪ್ಪಿಕೊಂಡರು.

ಆ ದುಡ್ಡು ಏನಾಯಿತು? 2020ರ ಏಪ್ರಿಲ್‌ನಲ್ಲಿ ಅಮೆರಿಕದವರು ತೆರಿಗೆ ಕಳೆದು ಕೈಗೆ ಬಂದ ವರಮಾನದಲ್ಲಿ ನೂರಕ್ಕೆ 30ಕ್ಕೂ ಹೆಚ್ಚು ಉಳಿಸಿದ್ದರು. ಹೋಟೆಲ್ ಮುಚ್ಚಿತ್ತು, ಪ್ರವಾಸ ಇರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ರೇಷನ್ ಕಾಲದಲ್ಲೂ ಕಾಣದ ಪ್ರಮಾಣ ಅದು. 2022ರ ನಡುವಿನ ಹೊತ್ತಿಗೆ ಅದು ಮೂರರ ಆಸುಪಾಸಿಗೆ ಇಳಿದಿತ್ತು. ಕೂಡಿಟ್ಟದ್ದು ಕರಗಲು ಕಾರಣ ಆ ವರ್ಷ ಜೂನ್‌ನಲ್ಲಿ ಶೇ 9.1 ಮುಟ್ಟಿದ ಹಣದುಬ್ಬರ. 40 ವರ್ಷಗಳಲ್ಲಿ ಅಷ್ಟು ಏರಿರಲಿಲ್ಲ.

2024ರ ಚುನಾವಣೆಯನ್ನು ಬಗೆಹರಿಸಿದ ಗೊಂದಲ ಶುರುವಾಗುವುದು ಇಲ್ಲಿ. ಚುನಾವಣೆ ಹೊತ್ತಿಗೆ ಹಣದುಬ್ಬರ ಮೂರಕ್ಕಿಂತ ಕೆಳಗಿಳಿದಿದೆ, ಇನ್ನೇನು ಬೇಕು ಎಂದು ಅರ್ಥಶಾಸ್ತ್ರಜ್ಞರು ಕೇಳುತ್ತಿದ್ದರು. ಹಣದುಬ್ಬರ ಇಳಿದರೆ ಬೆಲೆ ಏರುವ ವೇಗ ಇಳಿಯುತ್ತದೆ, ಬೆಲೆ ಇಳಿಯುವುದಿಲ್ಲ. ಮೆಟ್ಟಿಲು ಹತ್ತುವುದನ್ನು ನಿಧಾನ ಮಾಡಿದವನು ಕೆಳಗೆ ಬಂದ ಹಾಗಲ್ಲವಲ್ಲ. ಇದನ್ನು ಕಣ್ಣಾರೆ ನೋಡಬೇಕೆಂದರೆ ಡಾಲರ್ ಟ್ರೀ ಅಂಗಡಿಗೆ ಹೋಗಬೇಕು. ಎಲ್ಲ ಸಾಮಾನಿಗೂ ಒಂದೇ ಡಾಲರ್ ಎಂಬುದು ಮೂವತ್ತಕ್ಕೂ ಹೆಚ್ಚು ವರ್ಷ ಆ ಅಂಗಡಿಯ ಗುರುತಾಗಿತ್ತು. 2021ರ ಕೊನೆಯಲ್ಲಿ ಅದು ಒಂದೂಕಾಲು ಡಾಲರ್ ಆಯಿತು. ಬೋರ್ಡಿನಲ್ಲಿ ಡಾಲರ್ ಹಾಗೇ ಉಳಿದಿದೆ, ಒಳಗೆ ಒಂದು ಡಾಲರ್ ಹಿಡಿದು ಹೋದರೆ ಬರಿಗೈ. ಹಣದುಬ್ಬರ ಶೇ 2.7ಕ್ಕೆ ಇಳಿದ ದಿನವೂ ಆ ಕಾಲು ಡಾಲರ್ ವಾಪಸ್ ಬರಲಿಲ್ಲ.

ನಮ್ಮಲ್ಲಿ ಈರುಳ್ಳಿ ಮಾಡುವ ಕೆಲಸವನ್ನು ಅಲ್ಲಿ ಮೊಟ್ಟೆ ಮಾಡಿತು. 2021ರ ಆರಂಭದಲ್ಲಿ ಡಜನ್‌ಗೆ ಒಂದೂವರೆ ಡಾಲರ್ ಇದ್ದದ್ದು 2024ರ ಡಿಸೆಂಬರ್‌ನಲ್ಲಿ ನಾಲ್ಕು ದಾಟಿತು. ಕಾರಣ ಹೆಚ್ಚಾಗಿ ಹಕ್ಕಿಜ್ವರ. ಕೋಟ್ಯಂತರ ಕೋಳಿಗಳನ್ನು ಕೊಲ್ಲಬೇಕಾಗಿ ಬಂತು. ಕೋಳಿಗೆ ಜ್ವರ ಬಂದರೆ ಅಧ್ಯಕ್ಷ ಏನು ಮಾಡಿಯಾನು? ಆದರೆ ಬೈಡನ್ ಅವಧಿಯ ಮೊಟ್ಟೆ ಬೈಡನ್ ತಲೆಗೇ ಬಿತ್ತು. ಮತಗಟ್ಟೆಯಿಂದ ಹೊರಬಂದವರಲ್ಲಿ ನೂರಕ್ಕೆ 45ರಷ್ಟು ಮಂದಿ ನಾಲ್ಕು ವರ್ಷದ ಹಿಂದಿಗಿಂತ ನಮ್ಮ ಪರಿಸ್ಥಿತಿ ಕೆಟ್ಟಿದೆ ಎಂದರು. ಟ್ರಂಪ್ ಬಂದ ಮೇಲೆ 2025ರ ಮಾರ್ಚ್‌ನಲ್ಲಿ ಮೊಟ್ಟೆ ಆರು ಡಾಲರ್ ಮೀರಿತು, ನಂತರ ಜ್ವರ ತಗ್ಗಿ ಬೆಲೆಯೂ ತಗ್ಗಿತು. ಏರಿದ್ದಕ್ಕೆ ಹಿಂದಿನವರು, ಇಳಿದದ್ದಕ್ಕೆ ತಾವು ಎಂದು ಹೇಳಲು ಅವರೇನೂ ಹಿಂಜರಿಯಲಿಲ್ಲ.

ಹಾಗಂತ ಜನ ಸುಳ್ಳು ಕಷ್ಟ ಹೇಳಿಕೊಂಡರು ಎನ್ನಲಾಗದು. ಫೆಡರಲ್ ರಿಸರ್ವ್ ಪ್ರತಿ ವರ್ಷ ಒಂದು ಸರಳ ಪ್ರಶ್ನೆ ಕೇಳುತ್ತದೆ: ದಿಢೀರನೆ 400 ಡಾಲರ್ ಖರ್ಚು ಬಂದರೆ ಸಾಲ ಮಾಡದೆ ಭರಿಸಬಲ್ಲಿರಾ? 2013ರಲ್ಲಿ ಹೌದು ಎಂದವರು ನೂರಕ್ಕೆ 50. 2021ರಲ್ಲಿ, ಚೆಕ್ಕುಗಳು ಇನ್ನೂ ಬೆಚ್ಚಗಿದ್ದಾಗ, 68. ಮರುವರ್ಷ 63, ಆಮೇಲೆ ಎರಡು ವರ್ಷವೂ ಅಷ್ಟೇ. ಒಬಾಮ ಮರು ಆಯ್ಕೆಯಾದ ಮರುವರ್ಷಕ್ಕಿಂತ ಡೆಮಾಕ್ರಾಟರು ಸೋತ ವರ್ಷ ಮನೆಗಳ ಕೈಯಲ್ಲಿ ಹೆಚ್ಚು ಪುಡಿಗಾಸಿತ್ತು. ಆದರೆ ಒಮ್ಮೆ 68 ನೋಡಿದವರಿಗೆ 63 ಎಂಬುದು ಇಳಿತವೇ. ಇಲ್ಲದಿದ್ದಾಗಿನ ಸಂಕಟಕ್ಕಿಂತ ಬಂದು ಹೋದದ್ದರ ಸಂಕಟ ಜಾಸ್ತಿ.

ಇನ್ನೊಂದು ಸಮೀಕ್ಷೆ ಇದಕ್ಕಿಂತ ಸ್ವಾರಸ್ಯಕರ. ಮಿಷಿಗನ್ ವಿಶ್ವವಿದ್ಯಾಲಯ ದಶಕಗಳಿಂದ ಗ್ರಾಹಕರ ಮನಸ್ಥಿತಿ ಅಳೆಯುತ್ತಿದೆ. 2016ರ ನವೆಂಬರ್‌ಗೆ ಮುಂಚೆ ಆರ್ಥಿಕತೆ ಹಾಳಾಗಿದೆ ಎನ್ನುತ್ತಿದ್ದ ರಿಪಬ್ಲಿಕನ್ ಬೆಂಬಲಿಗರಿಗೆ ಟ್ರಂಪ್ ಗೆದ್ದ ಕೂಡಲೇ ಎಲ್ಲ ಚೆನ್ನಾಗಿ ಕಂಡಿತು. ಡೆಮಾಕ್ರಾಟರಿಗೆ ಅದೇ ಗಳಿಗೆಯಿಂದ ಕತ್ತಲು. 2020ರಲ್ಲಿ ಅದು ತಿರುವುಮುರುವು. 2024ರಲ್ಲಿ ಮತ್ತೆ ಮೊದಲಿನಂತೆ. ಸಂಬಳ ಅದೇ, ಬಾಡಿಗೆ ಅದೇ, ಮೊಟ್ಟೆಯ ಬೆಲೆಯೂ ಅದೇ.

ಹಾಗಾದರೆ ಹುರುಪಿನಲ್ಲಿರುವ ಪಕ್ಷದವರು ಹೆಚ್ಚು ಖರ್ಚು ಮಾಡಬೇಕು, ಹೆದರಿದ ಪಕ್ಷದವರು ಹೆಚ್ಚು ಉಳಿಸಬೇಕು, ಅಲ್ಲವೇ? ಅರ್ಥಶಾಸ್ತ್ರಜ್ಞರಾದ ಆತಿಫ್ ಮಿಯಾನ್, ಅಮೀರ್ ಸೂಫಿ ಮತ್ತು ಅವರ ಸಹವರ್ತಿ ಇದನ್ನೇ ಹುಡುಕಿ ನೋಡಿದರು. ಒಂದು ಪಕ್ಷದ ಕಡೆ ಬಲವಾಗಿ ವಾಲಿದ ಜಾಗಗಳಲ್ಲಿ ಅಧ್ಯಕ್ಷರು ಬದಲಾದಾಗ ಕಾರು ಖರೀದಿ, ಕಾರ್ಡ್ ಖರ್ಚು ಬದಲಾಗುತ್ತದೆಯೇ ಎಂದು ಅಂಕಿಗಳನ್ನು ಜಾಲಾಡಿದರು. ಅಭಿಪ್ರಾಯಗಳು ಧಡಕ್ಕನೆ ಮಗುಚಿಬಿದ್ದಿದ್ದವು, ಖರ್ಚು ಮಾತ್ರ ಹೇಳಿಕೊಳ್ಳುವಂತೆ ಕದಲಿರಲಿಲ್ಲ. ನನಗೆ ಇದು ಈ ಇಡೀ ವಿಷಯದ ತಿರುಳು ಅನ್ನಿಸುತ್ತದೆ. ಸಮೀಕ್ಷೆಯವನು ಫೋನ್ ಮಾಡಿದಾಗ ಜನ ಆರ್ಥಿಕತೆಯ ಬಗ್ಗೆ ಹೇಳುತ್ತಿಲ್ಲ, ಅಧ್ಯಕ್ಷರ ಬಗ್ಗೆ ಹೇಳುತ್ತಿದ್ದಾರೆ. ಫೋನ್ ಇಟ್ಟು ಪರ್ಸ್ ತೆಗೆದಾಗ ಅಲ್ಲಿ ಪಕ್ಷ ಇರುವುದಿಲ್ಲ. ಇರುವುದು ಮಗಳ ಶಾಲೆಯ ಬೂಟು, ಕಾರಿನ ಟೈರು.

ಹೀಗೆಂದರೆ ಅಧ್ಯಕ್ಷರಿಂದ ಉಳಿತಾಯಕ್ಕೆ ಏನೂ ಆಗುವುದಿಲ್ಲ ಎಂದಲ್ಲ. ಆಗುವುದು ಅವರ ಭಾಷಣದಿಂದಲ್ಲ, ಸದ್ದಿಲ್ಲದೆ ಹಾಕುವ ರುಜುವಿನಿಂದ. ಬುಷ್ 2006ರ ಡಿಸೆಂಬರ್ 20ರಂದು, ಎಲ್ಲರೂ ಇನ್ನಷ್ಟು ಶಾಪಿಂಗ್ ಮಾಡಿ ಎಂದದ್ದು ಎಲ್ಲರಿಗೂ ನೆನಪಿದೆ. ಅದಕ್ಕೆ ನಾಲ್ಕು ತಿಂಗಳ ಮುಂಚೆ, ಆಗಸ್ಟ್ 17ರಂದು, ಅವರು ರುಜು ಹಾಕಿದ ಪಿಂಚಣಿ ಕಾನೂನು ನೆನಪಿರುವುದು ಲೆಕ್ಕಪತ್ರದವರಿಗೆ ಮಾತ್ರ. ಕೆಲಸಕ್ಕೆ ಸೇರಿದವರನ್ನು ಅವರಾಗಿ ಬೇಡ ಎನ್ನದ ಹೊರತು ಕಂಪನಿಯೇ ನಿವೃತ್ತಿ ಉಳಿತಾಯಕ್ಕೆ ಸೇರಿಸಿಕೊಳ್ಳಲು ಅದು ದಾರಿ ಮಾಡಿತು. ಸಂಬಳ ಕೈಗೆ ಬರುವ ಮೊದಲೇ ಒಂದು ಪಾಲು ಅತ್ತ ಹೋಗುತ್ತದೆ, ನಮ್ಮ ಪಿಎಫ್ ಹಾಗೆ. ಶಾಪಿಂಗ್ ಮಾಡಿ ಎಂದ ಅಧ್ಯಕ್ಷರೇ ಲಕ್ಷಾಂತರ ಜನರಿಗೆ ಗೊತ್ತಿಲ್ಲದಂತೆ ಉಳಿತಾಯದ ಅಭ್ಯಾಸ ಹಚ್ಚಿದರು. ಆ ನಿವೃತ್ತಿ ಉಳಿತಾಯದ 401(ಕೆ) ಎಂಬ ಏರ್ಪಾಡು ಹುಟ್ಟಿದ್ದು 1978ರ ತೆರಿಗೆ ಕಾನೂನಿನ ಒಂದು ಸಣ್ಣ ಉಪವಿಧಿಯಿಂದ. ಅದಕ್ಕೆ ರುಜು ಹಾಕಿದವರು ಯಾರು? ಸ್ವೆಟರಿನ ಕಾರ್ಟರ್. ಥರ್ಮೋಸ್ಟಾಟ್ ಭಾಷಣದಿಂದ ಆಗದ ಉಳಿತಾಯ ಆ ಉಪವಿಧಿಯಿಂದ ಆಯಿತು.

ಬಡ್ಡಿ ದರವೂ ಹೀಗೇ. ಯಾವ ಅಧ್ಯಕ್ಷನಾದರೂ ಬಡ್ಡಿ ಇಳಿಯಲಿ ಎಂದೇ ಬಯಸುತ್ತಾನೆ, ಟ್ರಂಪ್ ಅದನ್ನು ಬಾಯಿಬಿಟ್ಟು, ಆಗ ಫೆಡರಲ್ ರಿಸರ್ವ್ ಅಧ್ಯಕ್ಷರಾಗಿದ್ದ ಜೆರೋಮ್ ಪೊವೆಲ್ ಅವರನ್ನು ಬೈಯುತ್ತ ಬಂದರು. ಸಾಲಗಾರರಿಗೆ ಅದು ಹಿತ. ಠೇವಣಿ ಇಟ್ಟ ನಿವೃತ್ತರಿಗೆ? ಅವರ ಪರವಾಗಿ ಬಡ್ಡಿ ಏರಿಸಿ ಎಂದು ಕೇಳುವ ಅಭ್ಯರ್ಥಿ ಒಬ್ಬನೂ ಇಲ್ಲ. ಫೆಡರಲ್ ರಿಸರ್ವ್‌ನ ದರ 5.25ರಿಂದ 5.5ರ ನಡುವೆ ಇದ್ದ 2023–24ರಲ್ಲಿ ಆನ್‌ಲೈನ್ ಬ್ಯಾಂಕುಗಳು ಉಳಿತಾಯ ಖಾತೆಗೆ ಶೇ 4ಕ್ಕಿಂತ ಹೆಚ್ಚು ಬಡ್ಡಿ ಕೊಡುತ್ತಿದ್ದವು. ಅದೇ ಹೊತ್ತಿನಲ್ಲಿ ದೇಶದ ಸರಾಸರಿ ಶೇ 0.5ಕ್ಕೂ ಕಡಿಮೆ! ದೊಡ್ಡ ಬ್ಯಾಂಕಿನಲ್ಲಿ ಹಳೆ ಖಾತೆ ಇಟ್ಟುಕೊಂಡವರು ಖಾತೆ ಬದಲಿಸುವ ಸೋಮಾರಿತನಕ್ಕೆ ತೆತ್ತ ದಂಡ ಯಾವ ಅಧ್ಯಕ್ಷರ ತೆರಿಗೆಗಿಂತ ಕಡಿಮೆ ಇರಲಿಲ್ಲ.

ಡಲ್ಲಾಸ್ ಹತ್ತಿರ ಇರುವ ನನ್ನ ಸೋದರಮಾವನ ಮಗನಿಗೆ ಅಲ್ಲಿ ವೋಟಿಲ್ಲ, ಎಚ್-1ಬಿ ವೀಸಾ. ಆದರೆ ಅಧ್ಯಕ್ಷರ ಒಂದೊಂದು ಮಾತಿಗೂ ಅವನ ಉಳಿತಾಯದ ದಿಕ್ಕು ತಿರುಗುತ್ತದೆ. 2025ರ ಮೇ ತಿಂಗಳಲ್ಲಿ ಹೊರದೇಶಕ್ಕೆ ಕಳಿಸುವ ಹಣದ ಮೇಲೆ ಶೇ 5 ತೆರಿಗೆ ಎಂಬ ಪ್ರಸ್ತಾಪ ಬಂದ ರಾತ್ರಿ ಫೋನ್ ಮಾಡಿದ್ದ. "ಭಾವ, ಹಾಸನದ ಮನೆ ಕಟ್ಟೋಕೆ ಇಟ್ಟಿದ್ದೆಲ್ಲ ಈಗಲೇ ಕಳಿಸಿಬಿಡ್ಲಾ?" ಅವನ ವಾಟ್ಸ್ಯಾಪ್ ಗುಂಪಿನಲ್ಲಿ ಎಲ್ಲರದೂ ಅದೇ ಪ್ರಶ್ನೆಯಂತೆ. ಆಮೇಲೆ ಅದು 3.5 ಆಯಿತು. ಜುಲೈ 4ರಂದು ಕಾನೂನಾದಾಗ ಶೇ 1ಕ್ಕೆ ಇಳಿದಿತ್ತು, ಅದೂ ನಗದು, ಮನಿ ಆರ್ಡರ್‌ನಂಥವು ಕೊಟ್ಟು ಕಳಿಸುವವರಿಗೆ ಮಾತ್ರ. ಬ್ಯಾಂಕ್ ಖಾತೆಯಿಂದ ಕಳಿಸುವ ಇವನಿಗೆ ಸೊನ್ನೆ. ಅಷ್ಟರಲ್ಲಿ ಅವನು ಗಾಬರಿಯಲ್ಲಿ ಅರ್ಧ ಕಳಿಸಿಯಾಗಿತ್ತು, ಕಾರು ಕೆಟ್ಟಾಗ ಕಾರ್ಡ್ ಉಜ್ಜಬೇಕಾಯಿತು. ಸೆಪ್ಟೆಂಬರ್ 19ರಂದು ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕದ ಘೋಷಣೆ ಬಂದ ವಾರಾಂತ್ಯವೂ ಇದೇ ಪಾಡು. ಹೊಸ ಅರ್ಜಿಗಳಿಗೆ ಮಾತ್ರ ಎಂಬ ಸ್ಪಷ್ಟನೆ ಬರುವಷ್ಟರಲ್ಲಿ ರಜೆಯಲ್ಲಿ ಊರಿಗೆ ಬಂದಿದ್ದವರು ಸಿಕ್ಕ ಬೆಲೆಗೆ ವಾಪಸ್ ಟಿಕೆಟ್ ಕೊಂಡಿದ್ದರು.

ಮೂರರಿಂದ ಆರು ತಿಂಗಳ ಖರ್ಚು ಕೈಯಲ್ಲಿರಲಿ ಎಂದು ಅಲ್ಲಿನ ಹಣಕಾಸು ಸಲಹೆಗಾರರು ಹೇಳುತ್ತಾರೆ. ಅದು ಅಲ್ಲಿನ ಪ್ರಜೆಗಳ ಲೆಕ್ಕ. ಕೆಲಸ ಹೋದರೆ 60 ದಿನದೊಳಗೆ ಇನ್ನೊಂದು ಹಿಡಿಯಬೇಕು, ಇಲ್ಲವೇ ಸಾಮಾನು ಕಟ್ಟಬೇಕು ಎಂಬ ಸ್ಥಿತಿಯಲ್ಲಿರುವವನ ಲೆಕ್ಕ ಬೇರೆ. ಮುರಿಯಬೇಕಾದ ಬಾಡಿಗೆ ಕರಾರು, ನಾಲ್ಕು ವಿಮಾನ ಟಿಕೆಟ್, ಬೆಂಗಳೂರಿನಲ್ಲಿ ಮಕ್ಕಳ ಶಾಲೆಯ ಡೊನೇಷನ್, ಎಲ್ಲವೂ ಅದರಲ್ಲಿ ಸೇರುತ್ತವೆ. ಗೊಂಬೆ ಎರಡಿರಲಿ ಎಂದು ಇವರಿಗೆ ಯಾವ ಅಧ್ಯಕ್ಷರೂ ಹೇಳಬೇಕಾಗಿಲ್ಲ.

ನನ್ನ ಮಾವನ ಮಗನ ಸಂಬಳದಿಂದ ಪ್ರತಿ ತಿಂಗಳು ಶೇ 6.2 ಸೋಷಿಯಲ್ ಸೆಕ್ಯುರಿಟಿಗೆ ಕಡಿತವಾಗುತ್ತದೆ. 1935ರಲ್ಲಿ ರೂಸ್‌ವೆಲ್ಟ್ ರುಜು ಹಾಕಿದ ಈ ಪಿಂಚಣಿ ದೇಶದ ಅತಿ ದೊಡ್ಡ ಕಡ್ಡಾಯ ಉಳಿತಾಯ ಎಂದೇ ಜನ ತಿಳಿದಿದ್ದಾರೆ, ಆದರೆ ಇವತ್ತು ಕಟ್ಟಿದವರ ದುಡ್ಡು ಇವತ್ತಿನ ವೃದ್ಧರಿಗೇ ಹೋಗುತ್ತದೆ. ಹತ್ತು ವರ್ಷ ತುಂಬುವ ಮೊದಲು ಅವನು ಊರಿಗೆ ಮರಳಿದರೆ ಕಟ್ಟಿದ್ದು ಅಲ್ಲೇ ಉಳಿಯುತ್ತದೆ. ಭಾರತಕ್ಕೂ ಅಮೆರಿಕಕ್ಕೂ ನಡುವೆ ಇದಕ್ಕೆ ಒಪ್ಪಂದವೇ ಇಲ್ಲ. ಪಿಂಚಣಿಯ ಮೀಸಲು ನಿಧಿ 2033ರಲ್ಲಿ ಬರಿದಾಗುತ್ತದೆ, ಆಮೇಲೆ ವಸೂಲಾಗುವ ತೆರಿಗೆಯಿಂದ ನೂರಕ್ಕೆ 77ರಷ್ಟನ್ನು ಮಾತ್ರ ಕೊಡಲು ಸಾಧ್ಯ ಎಂದು ಅದರ ಧರ್ಮದರ್ಶಿಗಳು 2025ರ ವರದಿಯಲ್ಲಿ ಬರೆದಿದ್ದಾರೆ. 2024ರಲ್ಲಿ ಕಮಲಾ ಹ್ಯಾರಿಸ್, ಟ್ರಂಪ್ ಇಬ್ಬರೂ ಪಿಂಚಣಿಗೆ ಕೈ ಹಾಕುವುದಿಲ್ಲ ಎಂದು ಮಾತು ಕೊಟ್ಟಿದ್ದರು. 2028ರಲ್ಲಿ ಗೆಲ್ಲುವವರ ಅವಧಿ ಮುಗಿಯುವುದು 2033ರ ಜನವರಿ 20ಕ್ಕೆ.